ದೂರದೂರಿನ ಸ್ಟೋರೇಜ್‌ಗೆ ಯಾವ ಪ್ರೊಟೊಕಾಲ್? ಬೆಂಗಳೂರು-ಮುಂಬೈ ಲಿಂಕಿನ ಲೆಕ್ಕದೊಂದಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನ ಸರ್ವರ್‌ಗಳಲ್ಲಿರುವ ಡೇಟಾದ ಇನ್ನೊಂದು ಪ್ರತಿ ಮುಂಬೈನಲ್ಲಿ ಇರಬೇಕು ಎಂದು ತೀರ್ಮಾನವಾಯಿತು ಅನ್ನಿ. ಮೀಟಿಂಗಿನಲ್ಲಿ ಮೊದಲು ಏಳುವ ಪ್ರಶ್ನೆ "ಲಿಂಕ್ ಎಷ್ಟು ಎಂಬಿಪಿಎಸ್ ತಗೊಳ್ಳೋಣ?" ಎಂಬುದು. ಬೆನ್ನಿಗೇ "ಇಲ್ಲಿ ಐಸ್ಕಸಿ ಇದೆಯಲ್ಲ, ಅದನ್ನೇ ಅಲ್ಲಿಗೂ ಎಳೆದರಾಯಿತು" ಎಂಬ ಮಾತು ಬರುತ್ತದೆ (ಐಸ್ಕಸಿ ಎಂದರೆ ಡಿಸ್ಕಿನ ಆಜ್ಞೆಗಳನ್ನು ಐಪಿ ನೆಟ್‌ವರ್ಕಿನ ಮೇಲೆ ಕಳಿಸುವ ಪ್ರೊಟೊಕಾಲ್). ಎರಡೂ ಅವಸರದ ಮಾತುಗಳು. ಒಂದೇ ಕಟ್ಟಡದೊಳಗೆ ಚೆನ್ನಾಗಿ ಓಡುವ ಪ್ರೊಟೊಕಾಲ್ ನೂರಾರು ಕಿಲೋಮೀಟರ್ ಆಚೆಗೆ ಹೋದಾಗ ತೆವಳುವುದಕ್ಕೆ ಬಹುತೇಕ ಸಲ ಕಾರಣ ಬ್ಯಾಂಡ್‌ವಿಡ್ತ್ ಅಲ್ಲ. ಒಂದು ಕೆಲಸ ಮುಗಿಯಲು ಆ ಪ್ರೊಟೊಕಾಲ್ ಎಷ್ಟು ಸಲ ಅತ್ತಿತ್ತ ಮಾತಾಡಬೇಕು ಎಂಬುದರಲ್ಲೇ ಅದರ ಹಣೆಬರಹ ಇದೆ. ಈ ಲೇಖನದ ಹಂತಗಳೆಲ್ಲ ಆ ಒಂದು ಲೆಕ್ಕದ ಸುತ್ತ ಇವೆ.

ಹಂತ 1: ಲಿಂಕನ್ನು ನೀವೇ ಅಳೆಯಿರಿ

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಪ್ರತಿ 100 ಕಿ.ಮೀ. ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡ್. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 840 ಕಿ.ಮೀ. ಇರುವುದರಿಂದ ಎಷ್ಟೇ ದುಬಾರಿ ಉಪಕರಣ ತಂದರೂ 8 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯಲಾಗದು. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ರೂಟರ್‌ಗಳೂ ಇರುತ್ತವೆ. ಹಾಗಾಗಿ ಈ ಲೇಖನದ ಲೆಕ್ಕಕ್ಕೆ ರೌಂಡ್ ಟ್ರಿಪ್ (ಹೋಗಿ ಬರುವ ಸಮಯ) 20 ಮಿಲಿಸೆಕೆಂಡ್ ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ಲಿಂಕಿನದನ್ನು ನೀವು ಅಳೆದು ಹಾಕಿಕೊಳ್ಳಿ.

ಅಳೆಯುವಾಗ ನಾಲ್ಕು ಪಿಂಗ್ (ಉತ್ತರ ಕೇಳುವ ಸಣ್ಣ ಪರೀಕ್ಷಾ ಪ್ಯಾಕೆಟ್) ಕಳಿಸಿ "ಲಾಸ್ ಸೊನ್ನೆ" ಎಂದು ಬರೆದುಕೊಳ್ಳಬೇಡಿ. ಸ್ಟೋರೇಜ್ ಟ್ರಾಫಿಕ್‌ಗೆ ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದುಹೋದರೂ ಪೆಟ್ಟು ಬೀಳುತ್ತದೆ, ಅಷ್ಟು ಸಣ್ಣ ಲಾಸ್ ನಾಲ್ಕು ಪಿಂಗ್‌ಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸೆಕೆಂಡಿಗೊಂದರಂತೆ ಇಡೀ ದಿನ ಬಿಟ್ಟರೆ 86,400 ಪಿಂಗ್ ಆಗುತ್ತದೆ, ಆಗ ಒಂದು ಚಿತ್ರ ಸಿಗುತ್ತದೆ. ಸಂಜೆಯ ದಟ್ಟಣೆಯ ಹೊತ್ತೂ ರಾತ್ರಿಯ ಬ್ಯಾಕಪ್ ಹೊತ್ತೂ ಅದರೊಳಗೆ ಬರಬೇಕು. ದಾರಿಯ ಪ್ರತಿ ರೂಟರಿನ ತಡವನ್ನು ತೋರಿಸುವ ಎಂಟಿಆರ್ ಸಾಧನ ಓಡಿಸಿದರೆ ತಡ ಆಗುತ್ತಿರುವುದು ಯಾವ ಜಾಗದಲ್ಲಿ ಎಂಬುದರ ಸುಳಿವೂ ಸಿಗುತ್ತದೆ.

ಜೊತೆಗೆ ಎಂಟಿಯು, ಅಂದರೆ ಲಿಂಕ್ ಒಡೆಯದೆ ಸಾಗಿಸುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ, ನೋಡಿ. ಪ್ಯಾಕೆಟ್ ಒಡೆಯಬಾರದು ಎಂಬ ಗುರುತು ಹಾಕಿ 1472 ಬೈಟ್‌ನ ಪಿಂಗ್ ಕಳಿಸಿದರೆ ಹೆಡರ್‌ಗಳೂ ಸೇರಿ ಸರಿಯಾಗಿ 1500 ಆಗುತ್ತದೆ. ಅದು ದಾಟದಿದ್ದರೆ ನಡುವೆ ಎಲ್ಲೋ ಟನೆಲ್ (ಒಂದು ಪ್ಯಾಕೆಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ದಾರಿ) ಇರುವ ಸಾಧ್ಯತೆ ಹೆಚ್ಚು. ಸ್ಥಳೀಯ ಸ್ಟೋರೇಜ್ ನೆಟ್‌ವರ್ಕಿನಲ್ಲಿ 9000 ಬೈಟ್‌ನ ಜಂಬೊ ಫ್ರೇಮ್ ಹಾಕಿಕೊಂಡಿದ್ದರೆ, ಸರ್ವಿಸ್ ಪ್ರೊವೈಡರ್ ಬರೆದು ಕೊಡದ ಹೊರತು, ಅದು ಹೊರಗಿನ ಲಿಂಕಿನಲ್ಲಿ ನಡೆಯುವುದಿಲ್ಲ.

ಹಂತ 2: ಒಂದು ರೈಟ್‌ಗೆ ಎಷ್ಟು ಸಲ ಹೋಗಿ ಬರಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇಡೀ ಆಯ್ಕೆ ಇದರ ಮೇಲೆ ನಿಂತಿದೆ.

ಒಂದು ಡೇಟಾಬೇಸ್ ಒಂದು ಬ್ಲಾಕ್ (ಡಿಸ್ಕಿಗೆ ಒಮ್ಮೆಗೆ ಬರೆಯುವ ತುಂಡು) ಬರೆದು, "ಬರೆಯಿತು" ಎಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಬರೆಯುತ್ತದೆ ಎಂದುಕೊಳ್ಳೋಣ. ರೌಂಡ್ ಟ್ರಿಪ್ 20 ಮಿಲಿಸೆಕೆಂಡ್ ಆದರೆ ಸೆಕೆಂಡಿಗೆ 50 ರೈಟ್. ಬ್ಲಾಕ್ 8 ಕೆಬಿ ಆದರೆ ಸೆಕೆಂಡಿಗೆ 400 ಕೆಬಿ. ಲಿಂಕ್ 1 ಜಿಬಿಪಿಎಸ್ ಇರಲಿ, 10 ಜಿಬಿಪಿಎಸ್ ಇರಲಿ, ಅದೇ 400 ಕೆಬಿ. ತೋಟದಿಂದ ಒಂದು ಸಲಕ್ಕೆ ಒಂದೇ ತೆಂಗಿನಕಾಯಿ ಹೊತ್ತು ತರುವವನಿಗೆ ದಾರಿ ಅಗಲ ಮಾಡಿಕೊಟ್ಟರೆ ಏನು ಉಪಯೋಗ? ಏಕಕಾಲಕ್ಕೆ 32 ರೈಟ್‌ಗಳು ದಾರಿಯಲ್ಲಿರಲು ಬಿಟ್ಟರೆ, ಅಂದರೆ ಕ್ಯೂ ಡೆಪ್ತ್ 32 ಇದ್ದರೆ, ಅದೇ ಲಿಂಕಿನಲ್ಲಿ ಸೆಕೆಂಡಿಗೆ 1600 ರೈಟ್, ಸುಮಾರು 13 ಎಂಬಿ ಹೋಗುತ್ತದೆ.

ಈಗ ಪ್ರೊಟೊಕಾಲ್ ಕಡೆ ನೋಡಿ. ಡಿಸ್ಕ್‌ಗಳಿಗೆ ಆಜ್ಞೆ ಕೊಡುವ ಭಾಷೆಯಾದ ಸ್ಕಸಿಯಲ್ಲಿ ಬರೆಯುವ ಕ್ರಮ ಹೀಗಿದೆ: ಹೋಸ್ಟ್ (ಸರ್ವರ್) "ಇಷ್ಟು ಬರೆಯಬೇಕು" ಎಂದು ಆಜ್ಞೆ ಕಳಿಸುತ್ತದೆ, ಡಿಸ್ಕ್ ಕಡೆಯಿಂದ "ಸಿದ್ಧ, ಕಳಿಸು" ಎಂದು ಬರುತ್ತದೆ, ಆಮೇಲೆ ಡೇಟಾ ಹೋಗುತ್ತದೆ, ಕೊನೆಗೆ "ಆಯಿತು" ಎಂದು ಬರುತ್ತದೆ. ಎರಡು ಸಲ ಹೋಗಿ ಬಂದಂತಾಯಿತು. ನಮ್ಮ ಸೆಕೆಂಡಿಗೆ 50 ರೈಟ್ ಇಲ್ಲಿ 25ಕ್ಕೆ ಇಳಿಯಿತು. ಒಂದೇ ರ‍್ಯಾಕ್‌ನಲ್ಲಿ ಇದು ಮೈಕ್ರೊಸೆಕೆಂಡ್‌ಗಳ ಮಾತಾದ್ದರಿಂದ ಯಾರೂ ಗಮನಿಸುವುದಿಲ್ಲ.

ಐಸ್ಕಸಿಯಲ್ಲಿ ಇದಕ್ಕೆ ಮದ್ದು ಇದೆ. ಇಮಿಡಿಯೇಟ್ ಡೇಟಾ "ಎಸ್" ಎಂದೂ ಇನಿಶಿಯಲ್ ಆರ್‌ಟುಟಿ (ಮೊದಲ "ಸಿದ್ಧ, ಕಳಿಸು" ಉತ್ತರಕ್ಕೆ ಕಾಯುವುದು) "ನೋ" ಎಂದೂ ಎರಡೂ ಕಡೆಯವರು ಒಪ್ಪಿಕೊಂಡರೆ ಆಜ್ಞೆಯ ಜೊತೆಗೇ ಡೇಟಾ ಹೊರಡುತ್ತದೆ, ಒಂದು ಸುತ್ತು ಉಳಿಯುತ್ತದೆ. ಎಷ್ಟು ಡೇಟಾ ಹೀಗೆ ಕೇಳದೆ ಹೋಗಬಹುದು ಎಂಬುದನ್ನು ಫಸ್ಟ್ ಬರ್ಸ್ಟ್ ಲೆಂತ್ ನಿರ್ಧರಿಸುತ್ತದೆ, ಮಾನಕದ ಪ್ರಕಾರ ಅದರ ಡೀಫಾಲ್ಟ್ 64 ಕೆಬಿ. ಇವು ಲಾಗಿನ್ ಹೊತ್ತಿನ ಮಾತುಕತೆಯಲ್ಲಿ ತೀರ್ಮಾನವಾಗುವ ಸಂಗತಿಗಳು. ನೀವು ಇನಿಶಿಯೇಟರ್‌ನಲ್ಲಿ (ಆಜ್ಞೆ ಕಳಿಸುವ ಕಡೆ) ಬರೆದಿಟ್ಟದ್ದನ್ನು ಟಾರ್ಗೆಟ್ (ಡಿಸ್ಕ್ ಇರುವ ಕಡೆ) ಒಪ್ಪಿದೆಯೇ ಎಂದು ಸೆಷನ್ ವಿವರ ತೆಗೆದು ನೋಡಿ ಖಚಿತ ಮಾಡಿಕೊಳ್ಳಿ.

ಫೈಲ್ ಪ್ರೊಟೊಕಾಲ್‌ಗಳಲ್ಲಿ ಸುತ್ತುಗಳ ಲೆಕ್ಕ ಇನ್ನೂ ಕಠಿಣ. ಫೈಲ್‌ಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ಎನ್‌ಎಫ್‌ಎಸ್ ಮೇಲೆ ಒಂದು ಸಣ್ಣ ಫೈಲ್ ಹೊಸದಾಗಿ ಸೃಷ್ಟಿಸಬೇಕಾದರೆ ಹೆಸರು ಹುಡುಕಬೇಕು, ತೆರೆಯಬೇಕು, ಅನುಮತಿ ಹೊಂದಿಸಬೇಕು, ಬರೆಯಬೇಕು, ಮುಚ್ಚಬೇಕು. ಫೈಲಿಗೆ ಐದು ಸುತ್ತು ಎಂದು ಹಿಡಿದರೆ 10,000 ಸಣ್ಣ ಫೈಲ್‌ಗಳಿಗೆ 50,000 ಸುತ್ತು, 20 ಮಿಲಿಸೆಕೆಂಡಿನಂತೆ 1000 ಸೆಕೆಂಡ್. ಫೈಲ್‌ಗಳೆಲ್ಲ ಖಾಲಿಯಾಗಿದ್ದರೂ ಹದಿನೇಳು ನಿಮಿಷ ಬೇಕು. ಅದೇ ಫೈಲ್‌ಗಳನ್ನು ಒಂದು ಟಾರ್ (ಎಲ್ಲವನ್ನೂ ಕಟ್ಟಿದ ಒಂದೇ ಫೈಲ್) ಮಾಡಿ ಕಳಿಸಿದರೆ ಕೆಲವೇ ಸೆಕೆಂಡ್‌ಗಳಲ್ಲಿ ಮುಗಿಯಬಹುದು.

ಹಂತ 3: ಎಷ್ಟು ಡೇಟಾ ಹೋದರೆ ತಡೆದುಕೊಳ್ಳಬಹುದು ಎಂದು ಬರೆಯಿಸಿಕೊಳ್ಳಿ

ಬೆಂಗಳೂರಿನ ಸೈಟ್ ಈ ಕ್ಷಣ ಸುಟ್ಟುಹೋದರೆ ಮುಂಬೈ ಪ್ರತಿ ಎಷ್ಟು ಹಿಂದೆ ಇರಬಹುದು? ಆರ್‌ಪಿಒ ಎಂದು ಕರೆಯುವುದು ಇದನ್ನೇ. ಉತ್ತರ ಕೊಡಬೇಕಾದವರು ಡೇಟಾದ ಒಡೆಯರು, ಐಟಿ ವಿಭಾಗ ಅಲ್ಲ. "ಒಂದು ಬೈಟೂ ಹೋಗಬಾರದು" ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಅದರ ಬೆಲೆಯನ್ನು ಮುಂದಿಟ್ಟು ಮತ್ತೆ ಕೇಳಿ.

ಸೊನ್ನೆ ನಷ್ಟ ಬೇಕು ಎಂದರೆ ಸಿಂಕ್ರೊನಸ್ ರೆಪ್ಲಿಕೇಶನ್ ಬೇಕು. ಪ್ರತಿ ರೈಟ್ ದೂರದ ಸೈಟಿಗೆ ತಲುಪಿ ಉತ್ತರ ಬರುವವರೆಗೆ ಅಪ್ಲಿಕೇಶನ್ ಕಾಯುತ್ತದೆ. ರೌಂಡ್ ಟ್ರಿಪ್ 5 ಮಿಲಿಸೆಕೆಂಡ್‌ನೊಳಗೆ ಇದ್ದರೆ ಇದನ್ನು ಯೋಚಿಸಬಹುದು, ದೂರದ ಲೆಕ್ಕದಲ್ಲಿ 100 ಕಿ.ಮೀ. ಆಸುಪಾಸು ಎಂಬುದು ಈ ಕೆಲಸದಲ್ಲಿರುವವರು ಇಟ್ಟುಕೊಂಡ ಗಡಿ. ಬೆಂಗಳೂರು-ಮುಂಬೈ ನಡುವೆ ಬೇಡ. ನನ್ನ ಅಭಿಪ್ರಾಯ ಕೇಳಿದರೆ ಇದು ಚೌಕಾಸಿಗೆ ಬಿಡುವ ವಿಷಯವೇ ಅಲ್ಲ, ಮುಂಬೈ ಕಡೆ ಲಿಂಕ್ ಸ್ವಲ್ಪ ತೊದಲಿದರೂ ಇಲ್ಲಿ ಕೌಂಟರ್ ಮುಂದೆ ಸಾಲು ನಿಲ್ಲುತ್ತದೆ.

ಹಾಗಾದರೆ ದೂರವೂ ಬೇಕು, ಸೊನ್ನೆ ನಷ್ಟವೂ ಬೇಕು ಎನ್ನುವವರು ಏನು ಮಾಡುತ್ತಾರೆ? ಮೂರು ಸೈಟ್ ಇಡುತ್ತಾರೆ. ಷೇರು ವಿನಿಮಯ ಕೇಂದ್ರಗಳಿಗೆ ಸೆಬಿ ಹಾಕಿರುವ ನಿಯಮ ಈ ಯೋಚನೆಗೆ ಒಳ್ಳೆಯ ಮಾದರಿ. ಡಿಆರ್ ಸೈಟ್ (ವಿಪತ್ತಿನಲ್ಲಿ ಕೆಲಸ ವಹಿಸಿಕೊಳ್ಳುವ ಸೈಟ್) ಬೇರೆ ಭೂಕಂಪ ವಲಯದಲ್ಲಿರಬೇಕು, ಆಗದಿದ್ದರೆ ಮುಖ್ಯ ಸೈಟಿನಿಂದ ಕನಿಷ್ಠ 500 ಕಿ.ಮೀ. ದೂರ ಇರಬೇಕು. ಇದರ ಜೊತೆಗೆ ಡೇಟಾ ಸ್ವಲ್ಪವೂ ಕಳೆಯದಂತೆ ಒಂದು ನಿಯರ್ ಸೈಟ್ ಇರಬೇಕು. ಹತ್ತಿರದ್ದಕ್ಕೆ ಸಿಂಕ್ರೊನಸ್, ದೂರದ್ದಕ್ಕೆ ಎಸಿಂಕ್ರೊನಸ್ (ದೂರದ ಉತ್ತರಕ್ಕೆ ಕಾಯದೆ ಕಳಿಸುವುದು) ಎಂದು ಹಂಚಿದರೆ ಎರಡು ಪ್ರೊಟೊಕಾಲ್ ಆಯ್ಕೆಗಳೂ ಬೇರೆ ಬೇರೆಯಾಗುತ್ತವೆ, ಎರಡೂ ಸುಲಭವಾಗುತ್ತವೆ.

ಹಂತ 4: ಬ್ಲಾಕ್ ಮಟ್ಟ ಬಿಟ್ಟು ಮೇಲೆ ಹೋಗಲು ಆಗುತ್ತದೆಯೇ ನೋಡಿ

ದೂರ ಹೆಚ್ಚಿದಷ್ಟೂ ಡಿಸ್ಕಿನ ಬ್ಲಾಕ್‌ಗಿಂತ ಮೇಲಿನ ಮಟ್ಟದಲ್ಲಿ ಡೇಟಾ ಕಳಿಸುವುದು ಒಳ್ಳೆಯದು. ಮೇಲಿನ ಮಟ್ಟಕ್ಕೆ ಏನು ಮುಖ್ಯ, ಏನು ಕಸ ಎಂಬುದು ಗೊತ್ತಿರುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಅದರದ್ದೇ ಸ್ಟ್ರೀಮಿಂಗ್ ರೆಪ್ಲಿಕೇಶನ್ ಬಳಸಿ. ಬದಲಾವಣೆಗಳ ಲಾಗ್ ಒಂದೇ ಹೊಳೆಯಾಗಿ ಟಿಸಿಪಿ (ಇಂಟರ್ನೆಟ್ಟಿನ ಸಾಗಣೆ ಪ್ರೊಟೊಕಾಲ್) ಮೇಲೆ ಹರಿಯುತ್ತದೆ, ಪ್ರತಿ ಬ್ಲಾಕಿಗೂ ಕಾಯುವ ಪ್ರಶ್ನೆ ಇರುವುದಿಲ್ಲ. ಸಿಂಕ್ರೊನಸ್ ಮಾಡಿದರೂ ಕಾಯುವುದು ಒಂದು ಕಮಿಟ್‌ಗೆ ಒಂದು ಸುತ್ತು ಮಾತ್ರ. ತಾತ್ಕಾಲಿಕ ಟೇಬಲ್‌ಗಳು, ಸಾರ್ಟ್ ಮಾಡಲು ಬರೆದ ಫೈಲ್‌ಗಳು ಲಿಂಕ್ ಹತ್ತುವುದೇ ಇಲ್ಲ. ಅದೇ ಡೇಟಾಬೇಸನ್ನು ಬ್ಲಾಕ್ ಮಟ್ಟದಲ್ಲಿ ನಕಲು ಮಾಡಿದರೆ ಇವೆಲ್ಲ ಮುಂಬೈಗೆ ಪ್ರಯಾಣ ಮಾಡುತ್ತವೆ.

ಬ್ಯಾಕಪ್, ಸಿಸಿಟಿವಿ ದೃಶ್ಯ, ಆಸ್ಪತ್ರೆಯ ಸ್ಕ್ಯಾನ್ ಚಿತ್ರ, ಸ್ಕ್ಯಾನ್ ಮಾಡಿದ ಕಡತ, ಒಟ್ಟಿನಲ್ಲಿ ಒಮ್ಮೆ ಬರೆದ ಮೇಲೆ ತಿದ್ದದ ಯಾವುದೇ ಡೇಟಾ ಆಬ್ಜೆಕ್ಟ್ ಸ್ಟೋರೇಜ್‌ಗೆ (ಪ್ರತಿ ಫೈಲನ್ನೂ ಒಂದು ಹೆಸರಿನಡಿ ಇಡಿಯಾಗಿ ಇಡುವ ಸ್ಟೋರೇಜ್) ಹೇಳಿ ಮಾಡಿಸಿದಂತಿದೆ. ಅಮೆಜಾನ್ ಎಸ್3 2006ರಲ್ಲಿ ಶುರುವಾದ ಮೇಲೆ ಅದರ ಎಚ್‌ಟಿಟಿಪಿ ಭಾಷೆಯನ್ನೇ ಉಳಿದವರೂ ಕಲಿತರು. ಹಾಗಾಗಿ ಕ್ಲೌಡ್‌ಗೇ ಹೋಗಬೇಕೆಂದಿಲ್ಲ, ನಿಮ್ಮ ಮುಂಬೈ ರ‍್ಯಾಕ್‌ನಲ್ಲೇ ಎಸ್3 ಮಾತಾಡುವ ಸ್ಟೋರೇಜ್ ಇಡಬಹುದು. ದೊಡ್ಡ ಫೈಲನ್ನು ತುಂಡು ಮಾಡಿ ಹಲವು ಸಂಪರ್ಕಗಳಲ್ಲಿ ಏಕಕಾಲಕ್ಕೆ ಕಳಿಸುವ ಮಲ್ಟಿಪಾರ್ಟ್ ಅಪ್‌ಲೋಡ್ ಇದರ ದೊಡ್ಡ ಬಲ. ಎಸ್3ನಲ್ಲಿ ಒಂದು ಅಪ್‌ಲೋಡ್‌ಗೆ 10,000 ತುಂಡುಗಳವರೆಗೆ ಅವಕಾಶ, ಕೊನೆಯದನ್ನು ಬಿಟ್ಟು ಪ್ರತಿ ತುಂಡೂ ಕನಿಷ್ಠ 5 ಎಂಬಿ ಇರಬೇಕು. ನಡುವೆ ಲಿಂಕ್ ಬಿದ್ದರೆ ಹೋಗದ ತುಂಡು ಮಾತ್ರ ಮತ್ತೆ ಹೋಗುತ್ತದೆ. ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳ ತುಂಡುಗಳು ಅಲ್ಲೇ ಉಳಿದು ಜಾಗ ತಿನ್ನುತ್ತವೆ, ಅವನ್ನು ತಾನಾಗಿಯೇ ಅಳಿಸುವ ನಿಯಮವೊಂದನ್ನು ಮೊದಲ ದಿನವೇ ಹಾಕಿಡಿ.

ಆಗಾಗ ತಿದ್ದುವ ಫೈಲ್‌ಗಳ ಮರವಿದ್ದರೆ ಆರ್‌ಸಿಂಕ್ ಸಾಕು. 1996ರಿಂದ ಇರುವ ಸಾಧನ, ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ಫೈಲ್‌ಗಳು ಲಕ್ಷಗಟ್ಟಲೆ ಆದಾಗ ಏನು ಬದಲಾಗಿದೆ ಎಂದು ಹುಡುಕುವುದಕ್ಕೇ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅಂಥಲ್ಲಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಇದ್ದರೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಚಿತ್ರ) ತೆಗೆದು ಎರಡು ಸ್ನ್ಯಾಪ್‌ಶಾಟ್‌ಗಳ ನಡುವಿನ ವ್ಯತ್ಯಾಸವನ್ನು ಸೆಂಡ್-ರಿಸೀವ್ ಮೂಲಕ ಕಳಿಸಿ. ಯಾವ ಬ್ಲಾಕ್ ಬದಲಾಗಿದೆ ಎಂಬುದು ಅದಕ್ಕೆ ಆಗಲೇ ಗೊತ್ತಿರುತ್ತದೆ, ಮರವನ್ನೆಲ್ಲ ಅಲೆಯಬೇಕಿಲ್ಲ. ಹದಿನೈದು ನಿಮಿಷಕ್ಕೊಂದು ಸ್ನ್ಯಾಪ್‌ಶಾಟ್ ಎಂದರೆ ಆರ್‌ಪಿಒ ಹದಿನೈದು ನಿಮಿಷ ಮತ್ತು ಕಳಿಸಲು ಹಿಡಿಯುವ ಹೊತ್ತು. ಮಧ್ಯಮ ಗಾತ್ರದ ಸಂಸ್ಥೆಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಎನ್‌ಎಫ್‌ಎಸ್, ಎಸ್‌ಎಂಬಿ (ವಿಂಡೋಸ್‌ನ ಫೈಲ್ ಪ್ರೊಟೊಕಾಲ್) ಶೇರ್‌ಗಳನ್ನು ದೂರದಿಂದ ನೇರವಾಗಿ ಮೌಂಟ್ ಮಾಡುವುದು ಜನರ ಕೆಲಸಕ್ಕೆ ಮಾತ್ರ: ಒಬ್ಬರು ಒಂದು ಕಡತ ತೆರೆಯುತ್ತಾರೆ, ಓದುತ್ತಾರೆ, ಮುಚ್ಚುತ್ತಾರೆ. ಎನ್‌ಎಫ್‌ಎಸ್ ಆದರೆ ಆವೃತ್ತಿ 4 ಅಥವಾ ಅದಕ್ಕಿಂತ ಹೊಸದು ಇರಲಿ, ಹಲವು ಆಜ್ಞೆಗಳನ್ನು ಒಟ್ಟಿಗೆ ಕಟ್ಟಿ ಕಳಿಸುತ್ತದೆ, 2049 ಎಂಬ ಒಂದೇ ಪೋರ್ಟ್ ತೆರೆದರೆ ಸಾಕು. ಮೌಂಟ್ ಮಾಡುವಾಗ ಹಾರ್ಡ್ ಆಯ್ಕೆ (ಉತ್ತರ ಬರುವವರೆಗೆ ಬಿಡದೆ ಕೇಳುವುದು) ಇಡಿ. ಲಿಂಕ್ ಬಿದ್ದಾಗ ಅಪ್ಲಿಕೇಶನ್ ಕಾದು ನಿಲ್ಲುವುದು ಕಿರಿಕಿರಿ ನಿಜ, ಸಾಫ್ಟ್ ಇಟ್ಟರೆ ಅರ್ಧ ಬರೆದ ಫೈಲ್ ಉಳಿಯುವ ಅಪಾಯ ಇದೆ. ವಿಂಡೋಸ್ ಬಳಗದಲ್ಲಿ ಎಸ್‌ಎಂಬಿ ಓವರ್ ಕ್ವಿಕ್ ಬಂದಿದೆ, ವಿಂಡೋಸ್ ಸರ್ವರ್ 2025ರ ಎಲ್ಲ ಆವೃತ್ತಿಗಳಲ್ಲೂ ಲಭ್ಯ. ಯುಡಿಪಿ 443ರ ಮೇಲೆ ಗೂಢಲಿಪೀಕರಣದೊಂದಿಗೆ ಓಡುವುದರಿಂದ ವಿಪಿಎನ್ ಇಲ್ಲದೆ ಮನೆಯಿಂದ ಕೆಲಸ ಮಾಡುವವರಿಗೆ ಉಪಯುಕ್ತ.

ಹಂತ 5: ಬ್ಲಾಕ್ ಬೇಕೇಬೇಕು ಎಂದಾದರೆ

ಹಳೆಯ ಅಪ್ಲಿಕೇಶನ್, ತನ್ನದೇ ರೆಪ್ಲಿಕೇಶನ್ ಇಲ್ಲದ ಸಾಫ್ಟ್‌ವೇರ್, ದೊಡ್ಡ ಸ್ಟೋರೇಜ್ ಅರೇಗಳು (ಹಲವು ಡಿಸ್ಕ್‌ಗಳ ಪೆಟ್ಟಿಗೆಗಳು). ಇಂಥ ಕಡೆ ಬ್ಲಾಕ್ ತಪ್ಪಿಸಲಾಗದು.

ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ಪ್ರತ್ಯೇಕ ನೆಟ್‌ವರ್ಕ್) ಇದ್ದವರು ಮೊದಲು ಕ್ರೆಡಿಟ್ (ಫ್ರೇಮ್ ಕಳಿಸಲು ಎದುರಿನ ಪೋರ್ಟ್ ಕೊಡುವ ಅನುಮತಿ) ಲೆಕ್ಕ ಮಾಡಬೇಕು. ಎದುರಿನ ಪೋರ್ಟಿನಲ್ಲಿ ಬಫರ್ ಖಾಲಿ ಇದೆ ಎಂದು ಗೊತ್ತಿದ್ದರೆ ಮಾತ್ರ ಇಲ್ಲಿ ಫ್ರೇಮ್ ಹೊರಡುತ್ತದೆ. ದೂರ ಹೆಚ್ಚಾದಷ್ಟೂ ದಾರಿಯಲ್ಲಿರುವ ಫ್ರೇಮ್‌ಗಳು ಹೆಚ್ಚು, ಬೇಕಾಗುವ ಕ್ರೆಡಿಟ್‌ಗಳೂ ಹೆಚ್ಚು. 8 ಗಿಗಾಬಿಟ್ ವೇಗದಲ್ಲಿ ಪೂರ್ಣ ಗಾತ್ರದ ಫ್ರೇಮ್‌ಗಳಿಗೆ ಕಿ.ಮೀ.ಗೆ ಸುಮಾರು 4 ಕ್ರೆಡಿಟ್ ಎಂದು ಹಿಡಿಯಿರಿ. 50 ಕಿ.ಮೀ.ಗೆ 200 ಆಯಿತು, ಫ್ರೇಮ್‌ಗಳ ಸರಾಸರಿ ಗಾತ್ರ ಅರ್ಧ ಇದ್ದರೆ 400. ಒಂದೇ ನಗರದ ಎರಡು ಸೈಟ್‌ಗಳ ನಡುವೆ ಡಾರ್ಕ್ ಫೈಬರ್ (ಹಾಕಿಟ್ಟರೂ ಬಳಕೆಯಲ್ಲಿಲ್ಲದ ಫೈಬರ್ ಎಳೆ) ಸಿಕ್ಕರೆ ಹೀಗೆ ನೇರವಾಗಿ ಎಳೆಯಬಹುದು, ಸಿಂಕ್ರೊನಸ್‌ಗೆ ಇದಕ್ಕಿಂತ ಚೊಕ್ಕಟವಾದದ್ದು ಇಲ್ಲ.

ದೂರಕ್ಕೆ ಎಫ್‌ಸಿಐಪಿ ಇದೆ. ಫೈಬರ್ ಚಾನೆಲ್ ಫ್ರೇಮ್‌ಗಳನ್ನು ಟಿಸಿಪಿಯೊಳಗೆ ಸುತ್ತಿ ಕಳಿಸುವ ಈ ಕ್ರಮ 2004ರಲ್ಲಿ ಮಾನಕವಾಯಿತು. ಇದರ ಒಂದು ಗುಣ ಗೊತ್ತಿರಬೇಕು: ಟನೆಲ್ ಎದ್ದ ಕೂಡಲೇ ಎರಡೂ ಊರಿನ ಫ್ಯಾಬ್ರಿಕ್‌ಗಳು (ಫೈಬರ್ ಚಾನೆಲ್ ಸ್ವಿಚ್‌ಗಳ ಜಾಲಗಳು) ಸೇರಿ ಒಂದಾಗುತ್ತವೆ. ಲಿಂಕ್ ಬಿದ್ದೆದ್ದಾಗಲೆಲ್ಲ ಎರಡೂ ಕಡೆ ಕಲಕಿದಂತಾಗುತ್ತದೆ. ಅದಕ್ಕಾಗಿ ನಡುವೆ ಫೈಬರ್ ಚಾನೆಲ್ ರೂಟಿಂಗ್ ಹಾಕಿ ಫ್ಯಾಬ್ರಿಕ್‌ಗಳನ್ನು ಬೇರೆ ಬೇರೆಯಾಗಿಯೇ ಉಳಿಸಿ, ರೆಪ್ಲಿಕೇಶನ್‌ಗೆ ಬೇಕಾದ ಪೋರ್ಟ್‌ಗಳನ್ನು ಮಾತ್ರ ಕಾಣಿಸಿ. "ಸಿದ್ಧ, ಕಳಿಸು" ಎಂಬ ಉತ್ತರವನ್ನು ಇಲ್ಲಿನ ಉಪಕರಣವೇ ಕೊಟ್ಟು ಒಂದು ಸುತ್ತು ಉಳಿಸುವ ರೈಟ್ ಆಕ್ಸಿಲರೇಶನ್ ಸೌಲಭ್ಯವನ್ನೂ ಕೇಳಿ ಪಡೆಯಿರಿ. ಐಎಫ್‌ಸಿಪಿ ಎಂಬ ಇನ್ನೊಂದು ಮಾನಕ 2005ರಲ್ಲಿ ಬಂದರೂ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ. ಎಫ್‌ಸಿಒಇ (ಎಥರ್ನೆಟ್ ಮೇಲಿನ ಫೈಬರ್ ಚಾನೆಲ್) ಐಪಿಯ ಮೇಲೆ ಓಡುವುದಿಲ್ಲ, ರೂಟರ್ ದಾಟುವುದಿಲ್ಲ, ದೂರದ ಮಾತಿಗೆ ತರಬೇಡಿ. ಆರ್‌ಡಿಎಂಎ (ಇನ್ನೊಂದು ಯಂತ್ರದ ಮೆಮೊರಿಗೆ ನೇರವಾಗಿ ಬರೆಯುವ ಕ್ರಮ) ಆಧಾರಿತ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿಗಳ ಪ್ರೊಟೊಕಾಲ್) ಕೂಡ ಸಾಮಾನ್ಯವಾಗಿ ಪ್ಯಾಕೆಟ್ ಕಳೆಯದ ನೆಟ್‌ವರ್ಕನ್ನು ನಿರೀಕ್ಷಿಸುತ್ತದೆ, ಡೇಟಾ ಸೆಂಟರಿನೊಳಗೇ ಇರಲಿ. ಎನ್‌ವಿಎಂಇ ಓವರ್ ಟಿಸಿಪಿ ತಾಂತ್ರಿಕವಾಗಿ ದೂರ ಹೋಗಬಲ್ಲದು, ಆದರೆ 20 ಮಿಲಿಸೆಕೆಂಡ್ ದಾರಿಯಲ್ಲಿ ಅದರ ಮೈಕ್ರೊಸೆಕೆಂಡ್ ಚುರುಕಿಗೆ ಅರ್ಥ ಉಳಿಯುವುದಿಲ್ಲ.

ಐಸ್ಕಸಿಯನ್ನು ದೂರಕ್ಕೆ ಬಳಸಿದರೆ ಎರಡು ಅರೇಗಳ ನಡುವಿನ ಎಸಿಂಕ್ರೊನಸ್ ರೆಪ್ಲಿಕೇಶನ್‌ಗೆ ಬಳಸಿ. ಬೆಂಗಳೂರಿನ ಸರ್ವರ್ ಮುಂಬೈನ ಡಿಸ್ಕನ್ನು ತನ್ನ ಡಿಸ್ಕ್ ಎಂದೇ ಮೌಂಟ್ ಮಾಡಿಕೊಳ್ಳುವ ವ್ಯವಸ್ಥೆ ಬೇಡ. ಲಿನಕ್ಸ್‌ನ ಓಪನ್-ಐಸ್ಕಸಿಯಲ್ಲಿ ಸಂಪರ್ಕ ಕಡಿದರೆ ಡೀಫಾಲ್ಟ್ ಆಗಿ 120 ಸೆಕೆಂಡ್ ಕಾಯುತ್ತದೆ, ಆಮೇಲೆ ಫೈಲ್ ಸಿಸ್ಟಂಗೆ ಎರರ್ ಹೋಗುತ್ತದೆ. ರಸ್ತೆ ಅಗೆಯುವಾಗ ಫೈಬರ್ ತುಂಡಾದರೆ ಎರಡು ನಿಮಿಷದಲ್ಲಿ ಸರಿಯಾಗುವುದಿಲ್ಲ ಎಂಬುದು ನಮ್ಮ ಊರುಗಳಲ್ಲಿ ಇರುವವರಿಗೆಲ್ಲ ಗೊತ್ತು.

ಉಚಿತ ಸಾಫ್ಟ್‌ವೇರ್‌ನಲ್ಲಿ ಬ್ಲಾಕ್‌ಗಳನ್ನು ನಕಲು ಮಾಡುವ ಡಿಆರ್‌ಬಿಡಿ ಇದೆ, 2010ರಿಂದ ಲಿನಕ್ಸ್ ಕರ್ನಲ್‌ನ ಭಾಗ. ಅದರ ಪ್ರೊಟೊಕಾಲ್ ಸಿ ಸಿಂಕ್ರೊನಸ್, ಪ್ರೊಟೊಕಾಲ್ ಎ ಎಸಿಂಕ್ರೊನಸ್. ಎ ಹಾಕಿದರೆ ಕಾಯುವ ಕಾಟ ತಪ್ಪಿತು ಎಂದು ನಿರಾಳವಾಗುವ ಮೊದಲು ಇದನ್ನು ಓದಿ: ರೈಟ್ ಸ್ಥಳೀಯ ಡಿಸ್ಕಿಗೆ ಹೋಗಿ, ಟಿಸಿಪಿಯ ಸೆಂಡ್ ಬಫರ್ ಸೇರಿದ ಮೇಲೆಯೇ ಮುಗಿಯಿತು ಎಂದು ಅದು ಹೇಳುತ್ತದೆ. ಬಫರ್ ತುಂಬಿದರೆ ಅಪ್ಲಿಕೇಶನ್ ಮತ್ತೆ ಕಾಯುತ್ತದೆ. ಸಾಧಾರಣ ದಿನಗಳಲ್ಲಿ ಗೊತ್ತಾಗುವುದಿಲ್ಲ, ತಿಂಗಳ ಕೊನೆಯ ದೊಡ್ಡ ಬ್ಯಾಚ್ ಓಡಿದ ರಾತ್ರಿ ಎಲ್ಲವೂ ಲಿಂಕಿನ ವೇಗಕ್ಕೆ ಇಳಿಯುತ್ತದೆ. ದಟ್ಟಣೆಯಾದಾಗ ಬದಲಾದ ಬ್ಲಾಕ್‌ಗಳ ಗುರುತನ್ನಷ್ಟೇ ಇಟ್ಟುಕೊಂಡು ಮುಂದೆ ಹೋಗುವ ಪುಲ್-ಅಹೆಡ್ ಸೆಟ್ಟಿಂಗ್ ಇದಕ್ಕೇ ಇದೆ.

ಹಂತ 6: ಟಿಸಿಪಿಯನ್ನು ದೂರಕ್ಕೆ ಸಜ್ಜು ಮಾಡಿ

ಮೇಲಿನ ಯಾವುದನ್ನು ಆರಿಸಿದರೂ ಬಹುಪಾಲು ಟಿಸಿಪಿಯ ಮೇಲೆಯೇ ಓಡುತ್ತದೆ. ಲಿಂಕ್ ತುಂಬಿ ಹರಿಯಬೇಕಾದರೆ ವೇಗ ಮತ್ತು ರೌಂಡ್ ಟ್ರಿಪ್ ಗುಣಿಸಿದಷ್ಟು ಡೇಟಾ ಸದಾ ದಾರಿಯಲ್ಲಿರಬೇಕು. 1 ಜಿಬಿಪಿಎಸ್, 20 ಮಿಲಿಸೆಕೆಂಡ್‌ಗೆ ಅದು 2.5 ಎಂಬಿ. 10 ಜಿಬಿಪಿಎಸ್‌ಗೆ 25 ಎಂಬಿ. ಲಿನಕ್ಸ್‌ನಲ್ಲಿ ಟಿಸಿಪಿ ಸ್ವೀಕಾರ ಬಫರಿನ ಡೀಫಾಲ್ಟ್ ಗರಿಷ್ಠ ಮಿತಿ ಸಾಮಾನ್ಯವಾಗಿ 6 ಎಂಬಿ, ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಕೈಯಾರೆ ಏರಿಸಬೇಕು. ವಿಂಡೋ ಸ್ಕೇಲಿಂಗ್ (ಏಕಕಾಲಕ್ಕೆ ದಾರಿಯಲ್ಲಿರಬಹುದಾದ ಡೇಟಾದ ಮಿತಿಯನ್ನು ಹಿಗ್ಗಿಸುವ ಟಿಸಿಪಿ ಆಯ್ಕೆ) ಇಲ್ಲದಿದ್ದರೆ 64 ಕೆಬಿಯಲ್ಲೇ ನಿಲ್ಲುತ್ತದೆ, ಆಗ 1 ಜಿಬಿಪಿಎಸ್ ಲಿಂಕಿನಲ್ಲಿ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 26 ಎಂಬಿಪಿಎಸ್. ಇಂದಿನ ಆಪರೇಟಿಂಗ್ ಸಿಸ್ಟಂಗಳಲ್ಲೆಲ್ಲ ಸ್ಕೇಲಿಂಗ್ ಇದೆ. ಆದರೂ ವೇಗ ಇಂಥದೇ ಒಂದು ಅಂಕಿಯಲ್ಲಿ ಕಲ್ಲಿನಂತೆ ನಿಂತಿದ್ದರೆ ನಡುವಿನ ಹಳೆಯ ಫೈರ್‌ವಾಲ್ ಆ ಆಯ್ಕೆಯನ್ನು ಕಿತ್ತುಹಾಕುತ್ತಿದೆಯೇ ಎಂದು ಪ್ಯಾಕೆಟ್ ಹಿಡಿದು ನೋಡಿ.

ಲಾಸ್ ಬಗ್ಗೆ ಮೊದಲೇ ಹೇಳಿದೆ. ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದರೆ, ಹಳೆಯ ರೀನೊ ಮಾದರಿಯ ಟಿಸಿಪಿಯಲ್ಲಿ ಈ ದೂರಕ್ಕೆ ಒಂದು ಸಂಪರ್ಕ ಸುಮಾರು 70 ಎಂಬಿಪಿಎಸ್ ದಾಟುವುದಿಲ್ಲ. ಲಿನಕ್ಸ್‌ನ ಕ್ಯೂಬಿಕ್ (ಇದೂ ರೀನೊದಂತೆ ಕಳಿಸುವ ವೇಗ ಹೊಂದಿಸುವ ಕ್ರಮ) ಲಾಸ್ ತೀರಾ ಕಡಿಮೆ ಇದ್ದು ದೂರ ಹೆಚ್ಚಿದ್ದಾಗ ಇದಕ್ಕಿಂತ ಚುರುಕು. ಗೂಗಲ್ 2016ರಲ್ಲಿ ಹೊರತಂದ ಬಿಬಿಆರ್ ಇಂಥ ಸಣ್ಣ ಲಾಸ್‌ಗೆ ಅಷ್ಟು ಬೆದರುವುದಿಲ್ಲ, ಆದರೆ ಅದೇ ಲಿಂಕಿನ ಉಳಿದ ಟ್ರಾಫಿಕ್‌ನ ಪಾಲನ್ನು ಕಸಿಯಬಹುದು, ಪರೀಕ್ಷಿಸದೆ ಹಾಕಬೇಡಿ. ಹಲವು ಸಂಪರ್ಕಗಳಲ್ಲಿ ಹಂಚುವುದು ಎಲ್ಲಕ್ಕಿಂತ ಸರಳ ಉಪಾಯ.

ಹಂತ 7: ಬೀಗ ಮತ್ತು ಚೆಕ್‌ಸಮ್

ಐಸ್ಕಸಿ ತಾನಾಗಿ ಡೇಟಾವನ್ನು ಗೂಢಲಿಪೀಕರಿಸುವುದಿಲ್ಲ. ಚ್ಯಾಪ್ ಎಂಬುದು ಯಾರು ಬಂದಿದ್ದಾರೆ ಎಂದು ಪರೀಕ್ಷಿಸುತ್ತದೆ, ಅಷ್ಟೇ. ಲೀಸ್ಡ್ ಲೈನ್ ಆದರೂ ಐಪಿಸೆಕ್ (ಪ್ಯಾಕೆಟ್‌ಗಳನ್ನು ಗೂಢಲಿಪೀಕರಿಸುವ ಕ್ರಮ) ಒಳಗೆ ಓಡಿಸಿ, ಅದರ ಹೆಡರ್‌ಗಳಿಗೆ ಜಾಗ ಬಿಟ್ಟು ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾದ ಮಿತಿ) ಇಳಿಸಿ. ಟಿಸಿಪಿಯ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಅಂಕಿ) ಬರೀ 16 ಬಿಟ್‌ನದು, ಕೆಟ್ಟ ಉಪಕರಣವೊಂದು ತಿರುಚಿದ ಡೇಟಾ ಅದರ ಕಣ್ಣು ತಪ್ಪಿಸಿ ಬರುವ ಸಾಧ್ಯತೆ ಇದೆ. ಐಸ್ಕಸಿಯಲ್ಲಿ ಹೆಡರ್ ಡೈಜೆಸ್ಟ್, ಡೇಟಾ ಡೈಜೆಸ್ಟ್ ಎರಡನ್ನೂ ಆನ್ ಮಾಡಿದರೆ ಸಿಆರ್‌ಸಿ32ಸಿ ಪರೀಕ್ಷೆ ಸೇರುತ್ತದೆ, ಸಿಪಿಯುಗೆ ಬೀಳುವ ಹೊರೆ ಇಂದಿನ ಪ್ರೊಸೆಸರ್‌ಗಳಲ್ಲಿ ಅಲ್ಪ. ಕಂಪ್ರೆಷನ್ ಮಾಡುವುದಾದರೆ ಗೂಢಲಿಪೀಕರಣಕ್ಕೆ ಮೊದಲು ಮಾಡಿ, ಆಮೇಲೆ ಮಾಡಿದರೆ ಏನೂ ಕುಗ್ಗುವುದಿಲ್ಲ.

ಹಂತ 8: ಹಣ ಕಟ್ಟುವ ಮೊದಲು ಮೇಜಿನ ಮೇಲೆ ದೂರವನ್ನು ಸೃಷ್ಟಿಸಿ

ಎರಡು ಹಳೆಯ ಸರ್ವರ್, ನಡುವೆ ಒಂದು ಲಿನಕ್ಸ್ ಯಂತ್ರ ಸಾಕು. ಲಿನಕ್ಸ್‌ನ ಟಿಸಿ ಆಜ್ಞೆಯಲ್ಲಿ ನೆಟ್‌ಎಮ್ ಎಂಬ ಸೌಲಭ್ಯವಿದೆ, ಪ್ರತಿ ಪ್ಯಾಕೆಟ್ ಅನ್ನು ಬೇಕಾದಷ್ಟು ತಡೆದು ಬಿಡುತ್ತದೆ, ಬೇಕಾದಷ್ಟು ಬೀಳಿಸುತ್ತದೆ. ಎರಡೂ ದಿಕ್ಕಿಗೆ 10 ಮಿಲಿಸೆಕೆಂಡ್ ಹಾಕಿದರೆ ಮುಂಬೈ ನಿಮ್ಮ ಮೇಜಿಗೇ ಬಂತು. ಮೊದಲು ಐಪರ್ಫ್3ಯಿಂದ ಬರಿಯ ಟಿಸಿಪಿ ನೋಡಿ, ಆಮೇಲೆ ಎಫ್‌ಐಒದಿಂದ ನಿಮ್ಮ ಅಪ್ಲಿಕೇಶನ್ನಿನ ಬ್ಲಾಕ್ ಗಾತ್ರ, ಕ್ಯೂ ಡೆಪ್ತ್ ಹಾಕಿ ಸ್ಟೋರೇಜ್ ನೋಡಿ. ಎರಡನೆಯದು ಹಂತ 2ರ ಲೆಕ್ಕಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಪ್ರೊಟೊಕಾಲ್ ನಿಮಗೆ ಗೊತ್ತಿಲ್ಲದ ಸುತ್ತು ಹೊಡೆಯುತ್ತಿದೆ, ಪ್ಯಾಕೆಟ್ ಹಿಡಿದು ಎಣಿಸಿ.

ಬಳಿಕ ಕೇಬಲ್ ಕಿತ್ತುಬಿಡಿ. ಒಂದು ಗಂಟೆ ಹಾಗೇ ಬಿಟ್ಟು ಮತ್ತೆ ಚುಚ್ಚಿ. ಬಿಟ್ಟಲ್ಲಿಂದ ಮುಂದುವರಿಯಿತೇ, ಮೊದಲಿನಿಂದ ಶುರುಮಾಡಿತೇ? 1 ಟಿಬಿ ಡೇಟಾ 100 ಎಂಬಿಪಿಎಸ್ ಲಿಂಕಿನಲ್ಲಿ ಪೂರ್ತಿ ಹೋಗಲು, ಒಂದು ಬಿಟ್ ವ್ಯರ್ಥವಾಗದಿದ್ದರೂ, 22 ಗಂಟೆ ಬೇಕು. ಲಿಂಕ್ ಬಿದ್ದಾಗಲೆಲ್ಲ ಮೊದಲಿನಿಂದ ಕಳಿಸುವ ಸಾಧನವನ್ನು ಅದರ ಉಳಿದ ಗುಣಗಳು ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಿಂದ ತೆಗೆಯಿರಿ. ಮೊದಲ ಪೂರ್ಣ ಪ್ರತಿಯನ್ನಂತೂ ಗೂಢಲಿಪೀಕರಿಸಿದ ಡಿಸ್ಕ್‌ಗಳಲ್ಲಿ ತುಂಬಿ ವಾಹನದಲ್ಲಿ ಒಯ್ಯುವುದೇ ಹೆಚ್ಚಿನ ಸಲ ಬೇಗ ಆಗುತ್ತದೆ, ಲಿಂಕಿಗೆ ದಿನದಿನದ ಬದಲಾವಣೆ ಮಾತ್ರ ಉಳಿಯಲಿ.

ಲಿಂಕ್ ಗಾತ್ರದ ಪ್ರಶ್ನೆಗೆ ಉತ್ತರ ಸಿಗುವುದು ಈಗ. ದಿನದ ಒಟ್ಟು ಬದಲಾವಣೆಯನ್ನು 24 ಗಂಟೆಯಿಂದ ಭಾಗಿಸಬೇಡಿ. ಅತಿ ಹೆಚ್ಚು ಬರೆಯುವ ಗಂಟೆಯನ್ನು ಹಿಡಿಯಿರಿ, ಲಿಂಕ್ ಬಿದ್ದೆದ್ದ ಮೇಲೆ ಬಾಕಿ ತೀರಿಸಲು ಬೇಕಾದ ಜಾಗ ಸೇರಿಸಿ. ಮುಂಬೈ ಪ್ರತಿ ಎಷ್ಟು ಹಿಂದಿದೆ ಎಂಬ ಅಂಕಿಯನ್ನು ಮಾನಿಟರಿಂಗ್‌ಗೆ ಹಾಕಿ, ಒಪ್ಪಿಕೊಂಡ ಆರ್‌ಪಿಒದ ಅರ್ಧ ದಾಟಿದ ಕೂಡಲೇ ಯಾರ ಫೋನ್ ರಿಂಗಾಗಬೇಕು ಎಂಬುದನ್ನು ಮೊದಲೇ ಬರೆದಿಡಿ.